ಅಪ್ಪನ ಹಳೇ ಸೈಕಲ್ ಫ್ರೇಮ್ ಬಿರುಕು ಬಿಟ್ಟಿದೆ: ಗುಜರಿಗೋ, ರಿಪೇರಿಗೋ?

ಕೇಳಿದ್ದು: ಅಪ್ಪ ಡೈರಿಗೆ ಹಾಲು ಒಯ್ಯುತ್ತಿದ್ದ ಅಟ್ಲಾಸ್ ಸೈಕಲ್. ಹ್ಯಾಂಡಲ್ ಕೆಳಗೆ, ಇಳಿಜಾರಿನ ಪೈಪ್ ಶುರುವಾಗುವಲ್ಲಿ ಕೂದಲೆಳೆಯಂಥ ಗೆರೆ ಬಿದ್ದಿದೆ. ವೆಲ್ಡಿಂಗ್ ಅಂಗಡಿಯವರು ಐದು ನಿಮಿಷದ ಕೆಲಸ ಅನ್ನುತ್ತಾರೆ. ಮನೆಯಲ್ಲಿ ಗುಜರಿಗೆ ಹಾಕು ಅನ್ನುತ್ತಾರೆ. ಮಾಡಿಸಿದವರು ಇದ್ದರೆ ಹೇಳಿ.

ಉತ್ತರ: ಗುಜರಿಗೆ ಹಾಕಬೇಡಿ ಸರ್. ಮೊದಲು ಅದು ಬಣ್ಣದ ಬಿರುಕೋ, ಕಬ್ಬಿಣದ್ದೋ ನೋಡಿ. ಮರಳು ಕಾಗದದಿಂದ ಬಣ್ಣ ತೆಗೆಯಿರಿ. ಆ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು. ಮೇಲೆ ಸೀಮೆಸುಣ್ಣ ಉಜ್ಜಿ. ಪೈಪೇ ಬಿರಿದಿದ್ದರೆ ಒಳಗಿಳಿದ ಎಣ್ಣೆ ಮೇಲೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಎಲ್ಲಿಗೆ ನಿಂತಿದೆ ಅಂತಲೂ ಗೊತ್ತಾಗುತ್ತದೆ.

ಬಿರುಕು ನಿಜವಾದರೆ ಮಾಮೂಲಿ ಕರೆಂಟ್ ವೆಲ್ಡಿಂಗ್ ಮಾತ್ರ ಬೇಡವೇ ಬೇಡ. ಈ ಪೈಪ್ ತೆಳು, ಬೇಗ ತೂತು ಬೀಳುತ್ತದೆ. ತೂತು ಬೀಳದಿದ್ದರೂ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರಿಯಬಹುದು. ಹಳೇ ಸೈಕಲ್ಲುಗಳಲ್ಲಿ ಪೈಪನ್ನು ಲಗ್ (ಪೈಪುಗಳು ಕೂಡುವಲ್ಲಿ ಇರುವ ಉಕ್ಕಿನ ಕೊಳವೆ ತುಂಡು) ಒಳಗೆ ಕೂರಿಸಿ, ಹಿತ್ತಾಳೆ ಕರಗಿಸಿ ಕೂಡಿಸಿರುತ್ತಾರೆ. ಹಿತ್ತಾಳೆ ಸುಮಾರು 900 ಡಿಗ್ರಿಗೆ ಕರಗುತ್ತದೆ, ಉಕ್ಕಿಗೆ 1,400ಕ್ಕೂ ಜಾಸ್ತಿ ಬೇಕು. ಹಾಗಾಗಿ ಪೈಪ್ ಕರಗುವುದಿಲ್ಲ. ಗ್ಯಾಸ್‌ನಲ್ಲಿ ಹಿತ್ತಾಳೆ ಕಡ್ಡಿ ಹಾಕುವ ಹಳೇ ಕೈ ಯಾರಾದರೂ ಇದ್ದಾರಾ ವಿಚಾರಿಸಿ. ಬಿರುಕಿನ ತುದಿಗೆ ಸಣ್ಣ ತೂತು ಕೊರೆಸಿ, ಮೇಲೊಂದು ಉಕ್ಕಿನ ಪಟ್ಟಿ ಸುತ್ತಿ ಬೆಸೆಯಲು ಹೇಳಿ. ಬಿರುಕು ಪೈಪಿನ ಅರ್ಧ ಸುತ್ತು ಬಂದಿದ್ದರೆ ಪೈಪೇ ಬದಲಿಸಬೇಕು.

ಇನ್ನೊಬ್ಬರು: ಅದಕ್ಕೂ ಮೊದಲು ಸೀಟಿನ ಕಂಬ ಎಳೆದು, ಫ್ರೇಮ್ ತಲೆಕೆಳಗು ಮಾಡಿ ತಟ್ಟಿ ನೋಡಿ. ಕೆಂಪು ಪುಡಿ ಉದುರುತ್ತಲೇ ಇದ್ದರೆ ಒಳಗೆ ತುಕ್ಕು ತಿಂದಿದೆ. ಪೆಡಲ್ ಅಚ್ಚಿನ ಹತ್ತಿರ ನೀರು ನಿಲ್ಲುತ್ತದೆ, ಅಲ್ಲಿ ಸ್ಕ್ರೂಡ್ರೈವರ್‌ನಿಂದ ಒತ್ತಿ. ಚುಚ್ಚಿಕೊಂಡು ಹೋದರೆ ಬೆಸುಗೆಗೆ ದುಡ್ಡು ಸುರಿಯಬೇಡಿ. ಆಗಲೂ ಚಕ್ರ, ಬ್ರೇಕ್ ರಾಡ್, ಚೈನ್ ಕವರ್ ಬಿಚ್ಚಿಟ್ಟುಕೊಳ್ಳಿ. ಅಂಥದ್ದೇ ಇನ್ನೊಂದು ಫ್ರೇಮ್ ಸಿಕ್ಕರೆ ಅಪ್ಪನ ಸೈಕಲ್ ಮತ್ತೆ ಓಡುತ್ತದೆ ಅಲ್ವಾ?

ಮತ್ತೊಬ್ಬರು: ದಾರದ ಪರೀಕ್ಷೆ ಮರೆಯಬೇಡಿ. ಹಿಂದಿನ ಚಕ್ರ ಕೂರುವ ಒಂದು ಕಡೆಯಿಂದ ದಾರ ಕಟ್ಟಿ, ಫ್ರೇಮ್‌ನಲ್ಲಿ ಹ್ಯಾಂಡಲ್ ಕೂರುವ ಮುಂದಿನ ಪೈಪ್ ಸುತ್ತಿಸಿ, ಇನ್ನೊಂದು ಕಡೆಗೆ ಬಿಗಿಯಾಗಿ ಎಳೆಯಿರಿ. ಸೀಟಿನ ಪೈಪಿಗೂ ದಾರಕ್ಕೂ ಇರುವ ಅಂತರ ಎರಡೂ ಬದಿ ಒಂದೇ ಇರಬೇಕು. ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ನಡೆಯುತ್ತದೆ. ಜಾಸ್ತಿ ಇದ್ದರೆ ಫ್ರೇಮ್ ಸೊಟ್ಟಗಾಗಿದೆ, ಬೆಸುಗೆಗೆ ಮೊದಲೇ ನೇರ ಮಾಡಿಸಿ.

ಮುಂದಿನ ಫೋರ್ಕ್ ಬಿರಿದಿದ್ದರೆ ಮಾತ್ರ ರಿಪೇರಿ ಬೇಡ, ಹೊಸದೇ ಹಾಕಿಸಿ. ಓಡುವಾಗ ಅದು ಮುರಿದರೆ ಮುಖ ಅಡಿಯಾಗಿ ಬೀಳುತ್ತೀರಿ. ರಿಪೇರಿ ಆದ ಮೇಲೂ ಹಾಲಿನ ಕ್ಯಾನ್ ಹೇರಬೇಡಿ. ಬೆಸೆದ ಜಾಗಕ್ಕೆ ರೆಡ್ ಆಕ್ಸೈಡ್ ಬಳಿದು, ಮೇಲೆ ತೆಳುವಾಗಿ ಬಣ್ಣ ಹೊಡೆಯಿರಿ. ಆಗ ಗೆರೆ ಮತ್ತೆ ಬಂದರೆ ಬೇಗ ಕಣ್ಣಿಗೆ ಬೀಳುತ್ತದೆ.