ನಾಲ್ಕು ತಿಂಗಳ ಮಳೆಗೆ ಬ್ಯಾಟರಿ ಬಗ್ಗಿ ನಿಲ್ಲಿಸುವುದು ಹೇಗೆ? ಬಲ್ಲವರು ಹೇಳಿ

ಗೋಕರ್ಣದಿಂದ, ಕೇಳಿದವರು:
ಆರು ಸೀಟಿನ ಬಗ್ಗಿ (ರೆಸಾರ್ಟಿನಲ್ಲಿ ಓಡಿಸುವಂಥ ಬ್ಯಾಟರಿ ಗಾಡಿ), 48 ವೋಲ್ಟ್. ಸೀಟಿನ ಕೆಳಗೆ 8 ವೋಲ್ಟಿನ ಆರು ಬ್ಯಾಟರಿ, ನೀರು ಹಾಕುವಂಥವು. ಜೂನ್ ಮೊದಲ ವಾರ ನಿಲ್ಲಿಸಿದರೆ ಮತ್ತೆ ತೆಗೆಯುವುದು ಚೌತಿ ಕಳೆದ ಮೇಲೆಯೇ. ಶೀಟಿನ ಶೆಡ್ ಇದೆ, ಸಮುದ್ರ ಇನ್ನೂರು ಮೀಟರ್. ಹುಡುಕಿದರೆ ಸಿಗುವುದೆಲ್ಲ ಹಿಮ ಬೀಳುವ ದೇಶದವರ ಸಲಹೆ. ಚಾರ್ಜರ್ ಹಚ್ಚಿಯೇ ಇಡಬೇಕಾ? ವಯರ್ ಬಿಚ್ಚಬೇಕಾ? ಟಾರ್ಪಾಲು ಹೊದಿಸಿದರೆ ಸಾಕಾ?

ಕುಮಟಾದಿಂದ, ಬ್ಯಾಟರಿ ಕೆಲಸದವರು:
ಹಿಮದ ದೇಶದವರ ಭಯ ಬೇರೆ ಸರ್. ಅಲ್ಲಿ ಚಾರ್ಜ್ ಇಳಿದ ಬ್ಯಾಟರಿಯೊಳಗಿನ ಆಸಿಡ್ ಹೆಪ್ಪುಗಟ್ಟಿ ಡಬ್ಬಿಯೇ ಒಡೆಯುತ್ತದೆ. ಆದರೆ ಚಳಿಯಲ್ಲಿ ಚಾರ್ಜ್ ತಾನಾಗಿ ಇಳಿಯುವುದು ನಿಧಾನ. ನಮ್ಮಲ್ಲಿ ಉಲ್ಟಾ. ಹೆಪ್ಪುಗಟ್ಟುವ ಮಾತೇ ಇಲ್ಲ, ಸೆಖೆಗೆ ಇಳಿಯುವುದು ಮಾತ್ರ ಜೋರು. ಇಳಿದ ಬ್ಯಾಟರಿ ಹಾಗೇ ಕೂತರೆ ಪ್ಲೇಟಿನ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಚೌತಿ ಹೊತ್ತಿಗೆ "ಬ್ಯಾಟರಿ ಹೋಯ್ತು" ಅನ್ನುವುದು ಹೆಚ್ಚಾಗಿ ಇದೇ.

ನಿಲ್ಲಿಸುವ ದಿನದ ಕೆಲಸದ ಕ್ರಮ ಹೀಗೆ. ಮೊದಲು ಮುಚ್ಚಳ ತೆಗೆದು ನೋಡಿ. ಪ್ಲೇಟ್ ಹೊರಗೆ ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ನಂತರ ಫುಲ್ ಚಾರ್ಜ್. ಅದಾದ ಮೇಲೆಯೇ ಪೂರ್ತಿ ಮಟ್ಟಕ್ಕೆ ತುಂಬಬೇಕು, ಮುಚ್ಚಳದ ಕೊಳವೆಯ ತಳಕ್ಕಿಂತ ಸುಮಾರು 3 ಮಿ.ಮೀ. ಕೆಳಗೆ ನಿಲ್ಲಿಸಿ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಟ್ರೇ ತಿನ್ನುತ್ತದೆ. ಬಾವಿ ನೀರು ಬೇಡವೇ ಬೇಡ, ನಮ್ಮ ಚಿರೆಕಲ್ಲಿನ ನೆಲದ ನೀರಲ್ಲಿ ಕಬ್ಬಿಣದ ಅಂಶ. ಮಾಡಿನ ನೀರು ಹಿಡಿದು ಹಾಕುವುದೂ ಬೇಡ.

ಚಾರ್ಜ್ ತೆಗೆದು ಒಂದು ರಾತ್ರಿ ಬಿಟ್ಟು ಮಲ್ಟಿಮೀಟರ್ ಹಚ್ಚಿ. ಆರೂ ಸೇರಿ 50.9 ವೋಲ್ಟ್ ಆಸುಪಾಸು ಬಂದರೆ ಫುಲ್. ಆಮೇಲೆ ತಿಂಗಳಿಗೊಮ್ಮೆ ನೋಡುತ್ತಿರಿ. 49.5ಕ್ಕೆ ಇಳಿದಿದ್ದರೆ ಸುಮಾರು 70 ಶೇಕಡಾ ಉಳಿದಿದೆ ಎಂದರ್ಥ, ಅಲ್ಲಿಂದ ಕೆಳಗೆ ಬಿಡಬೇಡಿ. 48.4 ಅಂದರೆ ಅರ್ಧ ಖಾಲಿ.

ವೋಲ್ಟ್ ಒಂದನ್ನೇ ನಂಬಬೇಡಿ, ಆಸಿಡ್ ಎಷ್ಟು ಗಟ್ಟಿಯಿದೆ ಎಂದು ತೋರಿಸುವ ಹೈಡ್ರೋಮೀಟರ್ ಇಟ್ಟುಕೊಳ್ಳಿ. ಬ್ಯಾಟರಿಗೆ ನಾಲ್ಕರಂತೆ ಇರುವ ಇಪ್ಪತ್ತನಾಲ್ಕು ಸೆಲ್ಲಿನಲ್ಲಿ ಇಪ್ಪತ್ತಮೂರು 1270 ತೋರಿಸಿ ಒಂದು ಮಾತ್ರ 1210 ತೋರಿಸಿದರೆ ಒಟ್ಟು ವೋಲ್ಟಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಆ ಬ್ಯಾಟರಿಯನ್ನು ಈಗಲೇ ಗುರುತು ಹಾಕಿಡಿ.

ಕಾರವಾರದಿಂದ, ರೆಸಾರ್ಟ್ ವಾಹನ ನೋಡಿಕೊಳ್ಳುವವರು:
ಮೇಲಿನವರು ಹೇಳಿದ್ದು ಸರಿ. ಎಲ್ಲರೂ ಮರೆಯುವುದು ಟೋ ಸ್ವಿಚ್. ಕೀ ತೆಗೆದರೆ ಗಾಡಿ ಆಫ್ ಆಯಿತು ಅಂದುಕೊಳ್ಳುತ್ತಾರೆ, ಆದರೆ ಕಂಟ್ರೋಲರ್ (ಮೋಟಾರಿಗೆ ಹೋಗುವ ಕರೆಂಟ್ ನಿಯಂತ್ರಿಸುವ ಡಬ್ಬಿ) ಒಳಗೊಳಗೇ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. ಲೈಟು, ಹಾರ್ನಿಗೆ 12 ವೋಲ್ಟ್ ಕೊಡುವ ಕನ್ವರ್ಟರ್ ಕೂಡ ಹಾಗೆಯೇ. ಸೀಟ್ ಎತ್ತಿದರೆ ರನ್, ಟೋ ಎಂದು ಬರೆದ ಸಣ್ಣ ಸ್ವಿಚ್ ಇರುತ್ತದೆ. ಟೋ ಕಡೆ ಹಾಕಿ, ಆಮೇಲೆ ಮೇನ್ ನೆಗೆಟಿವ್ ಕೇಬಲ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಬದಿಗೆ ಕಟ್ಟಿ. ಸ್ಪ್ಯಾನರಿನ ಹಿಡಿಗೂ ಟೇಪ್ ಸುತ್ತಿಕೊಳ್ಳಿ, ಉಂಗುರ, ವಾಚ್ ತೆಗೆದಿಡಿ. 48 ವೋಲ್ಟ್ ಮೈಗೆ ದೊಡ್ಡ ಶಾಕ್ ಕೊಡಲಿಕ್ಕಿಲ್ಲ, ಆದರೆ ಎರಡು ಟರ್ಮಿನಲ್ ನಡುವೆ ಸ್ಪ್ಯಾನರ್ ಅಡ್ಡ ಬಿದ್ದರೆ ವೆಲ್ಡಿಂಗ್ ಆಗಿಬಿಡುತ್ತದೆ.

ಇನ್ನು ಉಪ್ಪಿನ ಗಾಳಿ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಗೆ ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಬ್ರಷ್‌ನಿಂದ ಹಚ್ಚಿ. ಬುರುಬುರು ನೊರೆ ನಿಂತಿತು ಅಂದರೆ ಆಸಿಡ್ ಮುಗಿಯಿತು, ಸಿಹಿನೀರಲ್ಲಿ ತೊಳೆಯಿರಿ. ಮುಚ್ಚಳ ಬಿಗಿಯಾಗಿರಲಿ, ಸೋಡಾ ಒಳಗೆ ಹೋದರೆ ಆಸಿಡ್ಡೇ ಕೆಡುತ್ತದೆ. ಪೂರ್ತಿ ಒಣಗಿದ ಮೇಲೆ ಬೋಲ್ಟ್ ಬಿಗಿ ಮಾಡಿ, ನಂತರ ಪೆಟ್ರೋಲಿಯಂ ಜೆಲ್ಲಿ ಸವರಿ. ಜೆಲ್ಲಿ ಹಚ್ಚಿ ಅದರ ಮೇಲೆ ಲಗ್ (ಕೇಬಲ್ ತುದಿಯ ಲೋಹದ ಬಳೆ) ಕೂರಿಸಬಾರದು, ಕನೆಕ್ಷನ್ ಬಿಸಿಯಾಗುತ್ತದೆ.

ಟಾರ್ಪಾಲು ನೆಲದವರೆಗೆ ಹೊದಿಸಿ ಕಟ್ಟಿದರೆ ಒಳಗೇ ಬೆವರುತ್ತದೆ. ಶೆಡ್ ಸೋರದಿದ್ದರೆ ಹತ್ತಿ ಬಟ್ಟೆ ಸಾಕು. ಹ್ಯಾಂಡ್ ಬ್ರೇಕ್ ಹಾಕಿ ಬಿಡಬೇಡಿ, ಶೂ ಡ್ರಮ್ಮಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಟೈರ್ ಗಾಳಿ ಸಾಮಾನ್ಯವಾಗಿ 20 ಪಿಎಸ್‌ಐ ಆಸುಪಾಸು, ಟೈರಿನ ಬದಿಯಲ್ಲಿ ಬರೆದ ಗರಿಷ್ಠ ದಾಟಬೇಡಿ.

ಶಿರಸಿ ಕಡೆಯಿಂದ, ತೋಟಕ್ಕೆ ಇಂಥದ್ದೇ ಗಾಡಿ ಇಟ್ಟವರು:
ಘಟ್ಟದ ಮೇಲೆ ಉಪ್ಪಿಲ್ಲ, ಬೇರೆ ಕಾಟ. ಮಳೆಗಾಲಕ್ಕೆ ಜಾಗ ಇಲ್ಲ ಎಂದು ಕೊಟ್ಟಿಗೆಯ ಬದಿ ನಿಲ್ಲಿಸುವವರಿದ್ದಾರೆ. ಗಂಜಲದ ಅಮೋನಿಯಾ ತಾಮ್ರದ ಲಗ್, ವಯರ್ ತಿನ್ನುತ್ತದೆ. ಅಡಿಕೆಯ ಕೊಳೆ ರೋಗದ ಔಷಧಿಗೆ ತಂದ ಮೈಲುತುತ್ತದ ಚೀಲ ಗಾಡಿಯ ಮೇಲೆ ಹೇರಿಡುವುದು ಅದಕ್ಕಿಂತ ಕೆಟ್ಟದ್ದು. ಥಂಡಿಗೆ ನೀರೊಡೆದು ಚಾಸಿಯ ಮೇಲೆ ಇಳಿದರೆ ಕಬ್ಬಿಣ, ಅಲ್ಯೂಮಿನಿಯಂ ಎರಡೂ ತೂತು.

ಇಲಿಗೆ ಸೀಟಿನ ಸ್ಪಂಜು ಅಂದರೆ ಬಾಣಂತಿಕೋಣೆ. ಸೀಟ್ ಬಿಚ್ಚಿ ಮನೆಯೊಳಗೆ ಇಡಿ. ಬ್ಯಾಟರಿ ಜಾಗ ಬೆಳಕಿಗೆ ತೆರೆದಿದ್ದರೆ ಗೂಡು ಕಟ್ಟುವುದು ಕಡಿಮೆ, ಆದರೆ ಟರ್ಮಿನಲ್ ಮೇಲೆ ಏನೂ ಬೀಳದ ಹಾಗೆ ರಬ್ಬರ್ ಶೀಟ್ ಮುಚ್ಚಿ.

ಲಿಥಿಯಂ ಇರುವವರಿಗೆ ಮೇಲಿನ ಲೆಕ್ಕ ನಡೆಯುವುದಿಲ್ಲ. ಅದನ್ನು ಫುಲ್ ಮಾಡಿ ಇಡಬಾರದು, 50-60 ಶೇಕಡಾದಲ್ಲಿ ಮೇನ್ ಬ್ರೇಕರ್ ಆಫ್ ಮಾಡಿ ಇಡಿ. ಎರಡು ತಿಂಗಳಿಗೊಮ್ಮೆ ನೋಡಿದರೆ ಅಡ್ಡಿಲ್ಲ.

ಗೋಕರ್ಣದಿಂದ, ಕೇಳಿದವರು:
ಚಾರ್ಜರ್ ವಿಷಯ ಯಾರೂ ಹೇಳಲಿಲ್ಲ. ನಮ್ಮದು ಆಟೋ ಕಟ್ ಇದೆ. ಹಚ್ಚಿಯೇ ಇಟ್ಟರೆ ತಿಂಗಳು ತಿಂಗಳು ನೋಡುವ ಕೆಲಸ ತಪ್ಪುತ್ತದಲ್ಲ?

ಕುಮಟಾದಿಂದ:
ತಪ್ಪುವುದಿಲ್ಲ ಮಾರಾಯ್ರೇ. ಜೂನ್-ಜುಲೈಯಲ್ಲಿ ನಮ್ಮ ಕಡೆ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಲೆಕ್ಕ ಇದೆಯಾ? ಬಹಳ ಚಾರ್ಜರುಗಳು ಪ್ರತಿ ಸಲ ಕರೆಂಟ್ ಬಂದಾಗ ಹೊಸದಾಗಿ ಶುರು ಮಾಡುತ್ತವೆ. ಫುಲ್ ಆದ ಬ್ಯಾಟರಿಗೇ ಮತ್ತೆ ಮತ್ತೆ ಕೊಟ್ಟು ನೀರು ಕುದಿಸಿ ಒಣಗಿಸುತ್ತವೆ. ಮೇಲಿಂದ ಸಿಡಿಲು, ಲೈನಿನಲ್ಲಿ ಬಂದದ್ದು ಮೊದಲು ಸುಡುವುದು ಚಾರ್ಜರ್ ಬೋರ್ಡನ್ನು. ಫ್ಲೋಟ್ ಇರುವ, ಅಂದರೆ ಫುಲ್ ಆದ ಮೇಲೆ ಸಣ್ಣ ಕರೆಂಟಿಗೆ ಇಳಿಯುವ ಒಳ್ಳೆಯ ಚಾರ್ಜರ್ ಆದರೂ ನೀರು ನೋಡಲಿಕ್ಕೆ ತಿಂಗಳಿಗೊಮ್ಮೆ ಸೀಟ್ ಎತ್ತಲೇಬೇಕು. ಅದಕ್ಕಿಂತ ಹುಣ್ಣಿಮೆ ಲೆಕ್ಕ ಇಟ್ಟುಕೊಳ್ಳಿ, ಮಳೆ ಹೊಳವಾದ ಹಗಲಲ್ಲಿ ಎಂಟು-ಹತ್ತು ತಾಸು ಹಚ್ಚಿ, ಮುಗಿದ ಮೇಲೆ ಪ್ಲಗ್ ಗೋಡೆಯಿಂದಲೇ ಕಿತ್ತಿಡಿ. ಕೆಲವು ಗಾಡಿಯ ಚಾರ್ಜರಿಗೆ ನೆಗೆಟಿವ್ ಕೇಬಲ್ ಮತ್ತೆ ಕೂರಿಸಬೇಕಾಗುತ್ತದೆ, ಆದರೂ ಸ್ವಿಚ್ ಟೋ ಕಡೆಯೇ ಇರಲಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಶೆಡ್ಡಿನ ಬಾಗಿಲು ತೆರೆದಿಡಿ, ಹತ್ತಿರ ಬೀಡಿ ಬೇಡ.

ಕಾರವಾರದಿಂದ:
ತೆಗೆಯುವ ದಿನಕ್ಕೆ ಎರಡು ಮಾತು. ಚಾರ್ಜರ್ ಹಚ್ಚಿದರೂ ಸುಮ್ಮನೆ ಕೂತಿದ್ದರೆ ಅದು ಕೆಟ್ಟಿದೆ ಎಂದು ಓಡಬೇಡಿ. ಬ್ಯಾಟರಿ ತೀರಾ ಇಳಿದಿದ್ದರೆ ಎದುರಿಗೆ ಬ್ಯಾಟರಿಯೇ ಇಲ್ಲ ಎಂದು ಚಾರ್ಜರ್ ತಿಳಿದುಕೊಳ್ಳುತ್ತದೆ. ಆಗ ಅಂಗಡಿಗೆ ಒಯ್ಯುವವರು ಗಮನಿಸಿ, 8 ವೋಲ್ಟಿನ ಬ್ಯಾಟರಿಗೆ 12 ವೋಲ್ಟಿನ ಚಾರ್ಜರ್ ಹಚ್ಚಿಸಬಾರದು. ಮೂರನ್ನು ಸರಣಿಯಲ್ಲಿ ಜೋಡಿಸಿದರೆ 24 ವೋಲ್ಟ್, ಲಾರಿ ಬ್ಯಾಟರಿಗೆ ಹಚ್ಚುವ ಸೆಟ್ಟಿಂಗಿನಲ್ಲಿ ನಿಧಾನಕ್ಕೆ ಕೊಡಬಹುದು.

ಕೇಬಲ್ ಕೂರಿಸುವಾಗ ಕೀ ಆಫ್, ಸ್ವಿಚ್ ಟೋದಲ್ಲೇ ಇರಲಿ. ಸಣ್ಣ ಕಿಡಿ ಬಂದರೆ ಕಂಟ್ರೋಲರ್ ಕೆಪ್ಯಾಸಿಟರ್ ತುಂಬಿಕೊಂಡದ್ದು. ಚಾರ್ಜ್ ಮುಗಿಸಿದ ಕೂಡಲೇ ಕೂರಿಸಬೇಡಿ, ಗ್ಯಾಸ್ ಹೋಗಲು ಬಿಡಿ. ರನ್‌ಗೆ ಹಾಕುವ ಮೊದಲು ಮರದ ತುಂಡು ತೆಗೆದು ಗಾಡಿಯನ್ನು ಕೈಯಲ್ಲಿ ಎರಡು ಮಾರು ದೂಡಿ ನೋಡಿ. ಒಂದು ಚಕ್ರ ಉರುಳದೆ ಎಳೆದುಕೊಂಡು ಬಂದರೆ ಬ್ರೇಕ್ ಕಚ್ಚಿದೆ, ಆಕ್ಸಿಲರೇಟರ್ ಒತ್ತಿ ಬಿಡಿಸಲು ಹೋಗದೆ ಡ್ರಮ್ ಬಿಚ್ಚಿಸಿ.