‘ಬ್ಯಾಂಕ್’ ಒಂದು ಶಬ್ದವೋ, ಎರಡೋ?

ಕುದ್ರೋಳಿಯ ಅಪ್ಪ:
ನಿನ್ನೆ ಮಗಳ ಇಂಗ್ಲಿಷ್ ಉತ್ತರಪತ್ರಿಕೆ ಸಿಕ್ಕಿತು. ‘ನದಿ ದಡದ ಬ್ಯಾಂಕ್, ದುಡ್ಡಿನ ಬ್ಯಾಂಕ್ ಎರಡೂ ಒಂದೇ ಶಬ್ದದಿಂದ ಹುಟ್ಟಿದವು’ ಎಂದು ಬರೆದಿದ್ದಾಳೆ. ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಸೊನ್ನೆ. ರಾತ್ರಿ ಸರಿಯಾಗಿ ಊಟವನ್ನೂ ಮಾಡಲಿಲ್ಲ. ಅವಳು ಬರೆದದ್ದು ನಿಜವಾಗಿ ತಪ್ಪಾ?

ಉಡುಪಿ ಟೀಚರ್:
ನಾನಾಗಿದ್ದರೂ ತಪ್ಪು ಅಂತಲೇ ಹಾಕುತ್ತಿದ್ದೆ. ಡಿಕ್ಷನರಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಜಾಗ ಕೊಟ್ಟಿರುತ್ತಾರೆ. ದಡದ ಬ್ಯಾಂಕ್ ಸ್ಕ್ಯಾಂಡಿನೇವಿಯಾದವರ ಮಾತಿನಿಂದ ಬಂದದ್ದು, 1200ರ ಸುಮಾರಿಗೇ ಇಂಗ್ಲಿಷಿನಲ್ಲಿತ್ತು. ದುಡ್ಡಿನದ್ದು ಇಟಲಿಯ ‘ಬಾಂಕಾ’. ಅದು ಫ್ರೆಂಚ್ ದಾಟಿ ಬಂದದ್ದು 15ನೇ ಶತಮಾನದಲ್ಲಿ. ದಾರಿ ಬೇರೆ, ಕಾಲ ಬೇರೆ.

ನಿವೃತ್ತ ಕ್ಯಾಷಿಯರ್:
ಟೀಚರ್, ಅರ್ಧ ದಾರಿಯಲ್ಲೇ ನಿಂತುಬಿಟ್ಟಿರಿ. ಬಾಂಕಾ ಅಂದರೆ ಬೆಂಚು. ನಾಣ್ಯ ಬದಲಾಯಿಸಿ ಕೊಡುವವರು ಪೇಟೆಯಲ್ಲಿ ಬೆಂಚು ಹಾಕಿಕೊಂಡು ಕೂರುತ್ತಿದ್ದರು. ದಿವಾಳಿ ಆದವನಿಗೆ ಹೇಳುವ ‘ಬ್ಯಾಂಕ್‌ರಪ್ಟ್’ ಕೂಡ ಇಟಲಿಯ ‘ಬಾಂಕಾ ರೊತ್ತಾ’ದಿಂದ ಬಂದದ್ದು, ಮುರಿದ ಬೆಂಚು ಅಂತ. ಆ ಬಾಂಕಾ ಇಟಲಿಯದ್ದೇ ಅಲ್ಲ, ಜರ್ಮನಿಕ್ ಭಾಷೆಗಳಿಂದ, ಅಂದರೆ ಇಂಗ್ಲಿಷ್, ಜರ್ಮನ್, ಸ್ಕ್ಯಾಂಡಿನೇವಿಯಾದ ಮಾತುಗಳೆಲ್ಲ ಸೇರಿದ ಕುಟುಂಬದಿಂದ ಅಲ್ಲಿಗೆ ಹೋದದ್ದು. ನಿಮ್ಮ ಸ್ಕ್ಯಾಂಡಿನೇವಿಯಾದ ಶಬ್ದಕ್ಕೂ ಅದೇ ಬೇರು. ಇಂಗ್ಲಿಷಿನ ‘ಬೆಂಚ್’ ಕೂಡ ಅದರದ್ದೇ ಕವಲು. ಹೊಳೆ ಬದಿಯ ಮಣ್ಣಿನ ದಿಣ್ಣೆಯೂ ಬೆಂಚಿನ ಹಾಗೇ ಎತ್ತರಕ್ಕೆ ಇರುತ್ತದೆ, ಅಲ್ವಾ?

ನಾನು ಕೌಂಟರಿನಲ್ಲೇ ಆಯುಷ್ಯ ಕಳೆದವ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಹುಟ್ಟಿದ ಸೀಮೆ ಇದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಎಂಬ ದಿನದ ಉಳಿತಾಯ ಶುರು ಮಾಡಿದಾಗ ಏಜೆಂಟರು ಜಗಲಿಗೇ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುತ್ತಿದ್ದರು. ಈ ಊರಿನ ಮಗುವಿಗೆ ಆ ಶಬ್ದದ ಕಥೆ ಬರೆದದ್ದಕ್ಕೆ ಸೊನ್ನೆ ಕೊಡಬಾರದು.

ಬೆಂದೂರಿನ ಅಕ್ಕ:
ನಮ್ಮ ಕೊಂಕಣಿಯಲ್ಲಿ ‘ಬಾಂಕ್’ ಅಂದರೆ ಇವತ್ತಿಗೂ ಬೆಂಚೇ ಮಾರಾಯ್ರೆ! ಪೋರ್ಚುಗೀಸರಿಂದ ಬಂದದ್ದು. ‘ಬಾಂಕಾರ್ ಬೊಸ್’ ಅಂದರೆ ಬೆಂಚಿನ ಮೇಲೆ ಕೂತ್ಕೋ. ಅಜ್ಜಿಯ ಬಾಂಕ್ ನಮ್ಮ ಜಗಲಿಯಲ್ಲಿ ಈಗಲೂ ಉಂಟು. ಹಲಸಿನ ಮರದ್ದು. ಒಂದು ಕಾಲು ಗಿಡ್ಡ, ಅದರಡಿಗೆ ತೆಂಗಿನ ಗೆರಟೆಯ ಚೂರು ಇಟ್ಟಿದ್ದೇವೆ. ಶನಿವಾರ ಸಂಜೆ ಅಜ್ಜಿ ಅದರ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ, ಮೀನಿನ ದುಡ್ಡು, ಹಾಲಿನ ದುಡ್ಡು ಅಂತ ಬೇರೆ ಬೇರೆ ಗುಪ್ಪೆ ಮಾಡುತ್ತಿದ್ದರು.

ಬೆಂಗ್ರೆ ಹುಡುಗ:
ಹಾಗಾದರೆ ನಮ್ಮ ‘ಬೆಂಗ್ರೆ’ಯೂ ಅದೇ ಇರಬೇಕು! ತೋಟ ಬೆಂಗ್ರೆ, ಕೋಡಿ ಬೆಂಗ್ರೆ ಎಲ್ಲ ಹೊಳೆಗೂ ಕಡಲಿಗೂ ನಡುವಿನ ಮರಳಿನ ಪಟ್ಟಿಗಳೇ. ಇನ್ನೊಂದು, ಬಜ್ಪೆಗೆ ಬರುವ ವಿಮಾನ ಒಂದು ಬದಿಗೆ ವಾಲಿದರೂ ‘ಬ್ಯಾಂಕ್’ ಅನ್ನುತ್ತಾರಲ್ಲ?

ಉಡುಪಿ ಟೀಚರ್:
ವಿಮಾನದ್ದು ದಡದ ಕಡೆಯದು, ಇಳಿಜಾರಿನ ಅರ್ಥದಿಂದ ಬೆಳೆದದ್ದು. ಬೆಂಗ್ರೆ ಮಾತ್ರ ಬೇಡಪ್ಪ. ಸದ್ದು ಹೋಲಿದ್ದಕ್ಕೇ ಸಂಬಂಧ ಕಟ್ಟಬಾರದು. ನಮ್ಮ ‘ಕರೆ’ ನೋಡು. ಹೆಸರು ಹಿಡಿದು ಕರೆ, ಹಾಲು ಕರೆ. ಈಗ ಎರಡೂ ಒಂದೇ. ಹಳಗನ್ನಡದಲ್ಲಿ ಹಾಲಿನದ್ದು ‘ಕಱೆ’, ಬೇರೆಯೇ ಅಕ್ಷರ. ಆ ಱ ಬಿದ್ದುಹೋಯಿತು, ಎರಡು ಶಬ್ದ ಒಂದರ ಹಾಗೆ ಕಾಣತೊಡಗಿತು.

ನಿವೃತ್ತ ಕ್ಯಾಷಿಯರ್:
ಒಳ್ಳೆಯ ಉದಾಹರಣೆ ಕೊಟ್ಟಿರಿ ಟೀಚರ್. ಆದರೆ ಬ್ಯಾಂಕ್‌ನದ್ದು ಅದಕ್ಕೆ ತಿರುಗುಮುರುಗು. ಕರೆ ಎರಡಿದ್ದದ್ದು ಒಂದಾಯಿತು. ಬ್ಯಾಂಕ್ ಒಂದಿದ್ದದ್ದು ಕವಲೊಡೆದು, ಎರಡು ದಾರಿ ಸುತ್ತಿ, ಇಂಗ್ಲಿಷಿನಲ್ಲಿ ಮತ್ತೆ ಭೇಟಿಯಾಯಿತು. ಮಗು ‘ಒಂದೇ ಶಬ್ದ’ ಎಂದು ಬರೆದಿಲ್ಲ. ‘ಒಂದೇ ಶಬ್ದದಿಂದ ಹುಟ್ಟಿದವು’ ಎಂದು ಬರೆದಿದೆ.

ಉಡುಪಿ ಟೀಚರ್:
‘ಹುಟ್ಟಿದವು’ ಅನ್ನುವುದನ್ನು ನಾನು ಸರಿಯಾಗಿ ಓದಿರಲಿಲ್ಲ. ಇವತ್ತಿನ ಇಂಗ್ಲಿಷಿಗೆ ಅವು ಎರಡು ಶಬ್ದವೇ, ಅದನ್ನು ಬಿಡುವುದಿಲ್ಲ. ಆದರೆ ಹುಟ್ಟಿನ ಮಾತಾದರೆ ಮಗಳು ಸರಿ. ಪೂರ್ತಿ ಅಂಕ ಕೊಡಬೇಕು.

ಕುದ್ರೋಳಿಯ ಅಪ್ಪ:
ಎಲ್ಲವನ್ನೂ ಅವಳಿಗೆ ಓದಿ ಹೇಳಿದೆ. ಎದ್ದು ಹೋಗಿ ನೋಟ್‌ಬುಕ್ ತಂದಳು. ನಾಳೆ ಶಾಲೆಯಲ್ಲಿ ತಾನೇ ಮಾತಾಡುತ್ತಾಳಂತೆ, ನಾನು ಬರುವುದು ಬೇಡವಂತೆ. ಅಕ್ಕ, ಆ ಬಾಂಕ್ ಒಮ್ಮೆ ನೋಡಬಹುದಾ ಅಂತ ಕೇಳುತ್ತಿದ್ದಾಳೆ.

ಬೆಂದೂರಿನ ಅಕ್ಕ:
ಭಾನುವಾರ ಪೂಜೆ ಮುಗಿಸಿ ಹತ್ತಕ್ಕೆಲ್ಲ ಮನೆಯಲ್ಲಿರುತ್ತೇವೆ. ಕರ್ಕೊಂಡು ಬನ್ನಿ. ಗೆರಟೆ ಇರುವ ಬದಿಯಲ್ಲಿ ಮಾತ್ರ ಜೋರಾಗಿ ಕೂರಬಾರದು ಅಂತ ಹೇಳಿಡಿ.