ಅಪ್‌ಡೇಟ್: ಕ್ಯಾಮೆರಾ ಆಫ್ ಮಾಡಿ ಕೂರುತ್ತಿದ್ದ ಹುಡುಗ

ಹೋದ ತಿಂಗಳು ಕೇಳಿದ್ದೆನಲ್ಲ, ಒಂಬತ್ತನೇ ಕ್ಲಾಸಿನ ಆನ್‌ಲೈನ್ ಗಣಿತ ಟ್ಯೂಷನ್‌ನಲ್ಲಿ ಒಬ್ಬ ಹುಡುಗ ಹೆಸರು ಕರೆದರೂ ತುಟಿ ಪಿಟಕ್ ಅನ್ನಲ್ಲ, ಏನು ಮಾಡಲಿ ಅಂತ. ಸೋಮಾರಿ ಅಂದುಕೊಂಡಿದ್ದೆ, ತಪ್ಪು ನನ್ನದೇ.

ಭಾನುವಾರ ದಾವಣಗೆರೆಯಿಂದ ಬಸ್ ಹತ್ತಿ ಚನ್ನಗಿರಿ ಕಡೆಯ ಅವನ ಊರಿಗೇ ಹೋದೆ. ಅಡಿಕೆ ಸುಲಿಯೋ ಕಾಲ. ಮನೆಗೆಲ್ಲ ಒಂದೇ ಫೋನ್, ಅದರ ಮೈಕೂ ಕೆಟ್ಟಿದೆ. ಅಂಗಳದಲ್ಲಿ ಸುಲಿಯೋಕೆ ಕೂತ ಹತ್ತು ಜನರ ಮಧ್ಯೆ ಇವನ ಕ್ಲಾಸ್‌ರೂಮು! ನೋಟ್‌ಬುಕ್ ತೋರಿಸಿದ. ಪುಟದ ತುಂಬ ಬೆರಳಿನ ಅಡಿಕೆ ಕರೆ, ಆದರೆ ಬಹುಪದೋಕ್ತಿ ಲೆಕ್ಕ ಒಂದೂ ಬಿಟ್ಟಿಲ್ಲ. ಚಿಹ್ನೆ ಬದಲಿಸೋದರಲ್ಲಿ ಮಾತ್ರ ಎಡವಟ್ಟು.

ಈಗ ರಾತ್ರಿ ಉತ್ತರದ ಫೋಟೊ ಕಳಿಸ್ತಾನೆ, ನಾನು ವಾಯ್ಸ್ ಮೆಸೇಜ್‌ನಲ್ಲಿ ತಿದ್ದುತ್ತೀನಿ. ನಿನ್ನೆ ಮೊದಲ ಸಲ ಅವನೇ ಟೈಪ್ ಮಾಡಿದ: 'ಮಿಸ್, ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ?'